ಕೆಲಸದ ಎಟಿವಿ ಆರಿಸುವ ಮುನ್ನ: ಶಕ್ತಿ, ಆರಾಮ, ನಿರ್ವಹಣೆ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಎರಡು ಎಟಿವಿಗಳನ್ನು ಹೋಲಿಸುವಾಗ ಮೊದಲು ಏನು ನೋಡಬೇಕು?

ಎಟಿವಿ ಎಂದರೆ ರಸ್ತೆಯಿಲ್ಲದ ನೆಲದಲ್ಲೂ ಓಡುವ ನಾಲ್ಕು ಚಕ್ರದ ಗಾಡಿ. ಮೊದಲು ಅದರ ಗೇರ್ ವ್ಯವಸ್ಥೆ ನೋಡಿ. ಜಾಸ್ತಿ ಜನ ಸಿಸಿ ಎಷ್ಟು, ಎಚ್‌ಪಿ ಎಷ್ಟು ಎಂದು ಶುರು ಮಾಡುತ್ತಾರೆ. ಅದನ್ನೂ ಕೇಳಬೇಕು, ಆದರೆ ಆಮೇಲೆ. ಎಂಜಿನ್ನಿನ ಶಕ್ತಿ ಬೆಲ್ಟಿನಿಂದ ಚಕ್ರಕ್ಕೆ ಹೋಗುತ್ತದೋ ಗೇರುಗಳಿಂದ ಹೋಗುತ್ತದೋ ಎನ್ನುವುದೇ ಬಹಳಷ್ಟನ್ನು ನಿರ್ಧರಿಸುತ್ತದೆ. ಗಾಡಿ ಭಾರ ಹೇಗೆ ಎಳೆಯುತ್ತದೆ, ಓಡಿಸಲು ಎಷ್ಟು ಸಲೀಸು, ಮುಂದೆ ಯಾವ ರಿಪೇರಿ ಬರುತ್ತದೆ, ಈ ಮೂರಕ್ಕೂ ಉತ್ತರ ಅಲ್ಲೇ ಇದೆ.

ಆಮೇಲೆ ಹಿಂದಿನ ಆಕ್ಸಲ್, ಅಂದರೆ ಚಕ್ರಗಳನ್ನು ತಿರುಗಿಸುವ ಅಚ್ಚು ನೋಡಿ. ಅದಾದ ಮೇಲೆ ಸೀಟು ಎತ್ತಿ, ಏರ್ ಫಿಲ್ಟರ್ ಕೈಗೆ ಸಿಗುತ್ತದೆಯೇ ನೋಡಿ. ಈ ಮೂರು ತಿಳಿದರೆ ಅರ್ಧ ಗೊಂದಲ ಅಲ್ಲೇ ಕಡಿಮೆಯಾಗುತ್ತದೆ.

ಇಲ್ಲಿ ಹೇಳುತ್ತಿರುವುದೆಲ್ಲ ಮುಂದೆ ಹಿಂದೆ ರ್ಯಾಕ್ ಇರುವ, ಹ್ಯಾಂಡಲ್ ಹಿಡಿದು ಓಡಿಸುವ, ಹೊರೆ ಹೊರುವ ಎಟಿವಿಗಳ ಬಗ್ಗೆ. ರೇಸಿಗೆ ಮಾಡಿದ ಹಗುರ ಗಾಡಿಗಳ ಲೆಕ್ಕ ಬೇರೆ.

ಬೆಲ್ಟ್ ಒಳ್ಳೆಯದೋ, ಗೇರ್ ಒಳ್ಳೆಯದೋ?

ಕೆಲಸ ಯಾವುದು ಎಂದು ಹೇಳದೆ ಇದಕ್ಕೆ ಉತ್ತರ ಕೊಡಲು ಆಗುವುದಿಲ್ಲ.

ಬೆಲ್ಟಿನ ವ್ಯವಸ್ಥೆಗೆ ಸಿವಿಟಿ ಎನ್ನುತ್ತಾರೆ. ಎರಡು ಪುಲ್ಲಿಗಳು, ನಡುವೆ ಒಂದು ದಪ್ಪ ರಬ್ಬರ್ ಬೆಲ್ಟ್. ಎಂಜಿನ್ನಿನ ವೇಗ ಏರಿದಂತೆ ಮುಂದಿನ ಪುಲ್ಲಿ ಮುಚ್ಚಿಕೊಳ್ಳುತ್ತದೆ, ಹಿಂದಿನದು ತೆರೆದುಕೊಳ್ಳುತ್ತದೆ, ಬೆಲ್ಟ್ ಜಾಗ ಬದಲಿಸುತ್ತದೆ. ಗೇರ್ ಹಾಕುವ ಕೆಲಸವೇ ಇಲ್ಲ. ಹೆಬ್ಬೆರಳಿನಿಂದ ಥ್ರಾಟಲ್, ಅಂದರೆ ವೇಗ ಏರಿಸುವ ಲಿವರ್ ಒತ್ತಿದರೆ ಸಾಕು. ಯಮಹಾ ಗ್ರಿಜ್ಲಿ ಮತ್ತು ಕೋಡಿಯಾಕ್, ಪೊಲಾರಿಸ್ ಸ್ಪೋರ್ಟ್ಸ್‌ಮನ್, ಕ್ಯಾನ್-ಆ್ಯಮ್ ಔಟ್‌ಲ್ಯಾಂಡರ್, ಸುಜುಕಿ ಕಿಂಗ್‌ಕ್ವಾಡ್ 750, ಕವಾಸಾಕಿ ಬ್ರೂಟ್ ಫೋರ್ಸ್, ಸಿಎಫ್‌ಮೋಟೋ ಸಿಫೋರ್ಸ್, ಎಲ್ಲವೂ ಈ ದಾರಿಯವು.

ಹೋಂಡಾ ಮಾತ್ರ ಗೇರುಗಳನ್ನೇ ಹಿಡಿದುಕೊಂಡಿದೆ. ರ್ಯಾಂಚರ್ 420ರಲ್ಲಿ ಕಾಲಿನಿಂದ ಗೇರ್ ಹಾಕುವ ಮಾದರಿ ಇದೆ, ಕ್ಲಚ್ ತಾನಾಗಿ ಕೆಲಸ ಮಾಡುತ್ತದೆ. ಹ್ಯಾಂಡಲ್ ಮೇಲಿನ ಬಟನ್ ಒತ್ತಿ ಗೇರ್ ಬದಲಿಸುವ ಮಾದರಿಯೂ ಇದೆ. ಡಿಸಿಟಿ ಎನ್ನುವ ಮೂರನೆಯದರಲ್ಲಿ ಎರಡು ಕ್ಲಚ್ ಇರುತ್ತವೆ, ಒಂದು ಬೆಸ ಗೇರುಗಳಿಗೆ, ಇನ್ನೊಂದು ಸಮ ಗೇರುಗಳಿಗೆ. ಅದು ಗೇರನ್ನು ತಾನೇ ಬದಲಿಸುತ್ತದೆ. ಮೂರರಲ್ಲೂ ಬೆಲ್ಟ್ ಇಲ್ಲ.

ಬೆಲ್ಟಿನ ಲಾಭ ಏನೆಂದರೆ ಎಂಜಿನ್ ಯಾವಾಗಲೂ ತನಗೆ ಹೊಂದುವ ವೇಗದಲ್ಲೇ ಇರುತ್ತದೆ. ಕಲ್ಲು ಬಂಡೆಗಳ ನಡುವೆ ನಿಧಾನವಾಗಿ ದಾರಿ ಹುಡುಕುವಾಗ ಗೇರಿನ ಯೋಚನೆ ಬೇಡ. ಹೊಸಬರು ಬೇಗ ಕಲಿಯುತ್ತಾರೆ. ತೊಂದರೆ ಅಂದರೆ ಶಾಖ ಮತ್ತು ನೀರು. ಒದ್ದೆಯಾದ ಬೆಲ್ಟ್ ಜಾರುತ್ತದೆ, ಜಾರಿದ ಬೆಲ್ಟ್ ಬಿಸಿಯಾಗುತ್ತದೆ, ಬಿಸಿಯಾದದ್ದು ಗಟ್ಟಿಯಾಗಿ, ಹೊಳಪು ಬಂದು, ಕೊನೆಗೆ ಹರಿಯುತ್ತದೆ.

ಗೇರಿನ ಗಾಡಿಯಲ್ಲಿ ಈ ಭಯವಿಲ್ಲ. ಎಲ್ಲ ಎಣ್ಣೆಯೊಳಗೆ ಮುಳುಗಿರುತ್ತದೆ. ಸಮಯಕ್ಕೆ ಆಯಿಲ್ ಬದಲಿಸಿದರೆ ಬಹಳ ವರ್ಷ ಸುಮ್ನೆ ಓಡುತ್ತದೆ. ಆದರೆ ಎರಡು ಗೇರುಗಳ ನಡುವಿನ ವೇಗ ಬೇಕಾದಾಗ ಸ್ವಲ್ಪ ಕಿರಿಕಿರಿ. ರ್ಯಾಂಚರ್‌ನಲ್ಲಿ ಲೋ ರೇಂಜ್, ಅಂದರೆ ವೇಗ ತಗ್ಗಿಸಿ ಎಳೆತ ಹೆಚ್ಚಿಸುವ ಬೇರೆ ಗೇರ್ ಹಂತ, ಇಲ್ಲ ಎನ್ನುವುದನ್ನೂ ನೆನಪಿಡಿ. ತುಂಬ ನಿಧಾನದ, ತುಂಬ ಭಾರದ ಕೆಲಸಕ್ಕೆ ಮೊದಲ ಗೇರೇ ಗತಿ.

ನನ್ನ ಅಭಿಪ್ರಾಯ ಹೀಗಿದೆ. ದಿನಾ ಒಂದೇ ದಾರಿಯಲ್ಲಿ ಹೊರೆ ಎಳೆಯುವವರಿಗೆ, ರಿಪೇರಿ ಮಾಡುವವರು ದೂರ ಇರುವವರಿಗೆ ಗೇರು ಒಳ್ಳೆಯದು. ನೆಲ ಹೆಜ್ಜೆಗೊಮ್ಮೆ ಬದಲಾಗುವಲ್ಲಿ, ಒಂದೇ ಗಾಡಿಯನ್ನು ಹಲವರು ಓಡಿಸುವಲ್ಲಿ ಬೆಲ್ಟ್ ಒಳ್ಳೆಯದು.

ಬೆಲ್ಟ್ ಇರುವ ಗಾಡಿಗಳೆಲ್ಲ ಒಂದೇ ತರಹ ತಾನೇ?

ಅಲ್ಲ. ಹೊರಗಿನಿಂದ ಕಾಣದ ದೊಡ್ಡ ವ್ಯತ್ಯಾಸ ಒಂದಿದೆ.

ಪೊಲಾರಿಸ್‌ನಂಥ ವ್ಯವಸ್ಥೆಯಲ್ಲಿ ಎಂಜಿನ್ ನಿಧಾನಕ್ಕೆ ತಿರುಗುವಾಗ ಮುಂದಿನ ಪುಲ್ಲಿ ಬೆಲ್ಟನ್ನು ಹಿಡಿದಿರುವುದಿಲ್ಲ. ಥ್ರಾಟಲ್ ಕೊಟ್ಟಾಗ ಪುಲ್ಲಿಯೇ ಬೆಲ್ಟನ್ನು ಕಚ್ಚುತ್ತದೆ. ಅಂದರೆ ಕ್ಲಚ್ಚಿನ ಕೆಲಸವನ್ನೂ ಬೆಲ್ಟೇ ಮಾಡುತ್ತದೆ. ಯಮಹಾದ ಅಲ್ಟ್ರಾಮ್ಯಾಟಿಕ್ ಎನ್ನುವ ಬೆಲ್ಟ್ ವ್ಯವಸ್ಥೆಯಲ್ಲಿ ಎಂಜಿನ್ ಮತ್ತು ಪುಲ್ಲಿಯ ನಡುವೆ ಎಣ್ಣೆಯಲ್ಲಿ ಮುಳುಗಿದ ಬೇರೆ ಕ್ಲಚ್ ಇದೆ. ಬೆಲ್ಟ್ ಯಾವಾಗಲೂ ಬಿಗಿಯಾಗಿಯೇ ಇರುತ್ತದೆ. ಹೊರಡುವಾಗ ಜಾರುವುದು ಆ ಕ್ಲಚ್, ಬೆಲ್ಟ್ ಅಲ್ಲ. ಕಿಂಗ್‌ಕ್ವಾಡ್‌ನಲ್ಲೂ ಇಂಥದ್ದೇ ಏರ್ಪಾಡಿದೆ.

ನಿಂತು ಹೊರಟು, ನಿಂತು ಹೊರಟು ಮಾಡುವ ಕೆಲಸದಲ್ಲಿ ಈ ವ್ಯತ್ಯಾಸ ಬೆಲ್ಟಿನ ಆಯಸ್ಸಿನಲ್ಲಿ ಕಾಣುತ್ತದೆ. ಇಳಿಜಾರಿನಲ್ಲಂತೂ ಕಂಡೇ ಕಾಣುತ್ತದೆ.

ಇಳಿಜಾರಿನಲ್ಲಿ ಏನಾಗುತ್ತದೆ?

ಥ್ರಾಟಲ್ ಬಿಟ್ಟಾಗ ಎಂಜಿನ್ ಗಾಡಿಯನ್ನು ಹಿಡಿದು ನಿಲ್ಲಿಸಬೇಕು. ಇದೇ ಎಂಜಿನ್ ಬ್ರೇಕಿಂಗ್. ಗೇರಿನ ಗಾಡಿಗಳಲ್ಲಿ ಇದು ಸಹಜವಾಗಿಯೇ ಬರುತ್ತದೆ. ಬೆಲ್ಟ್ ಸದಾ ಬಿಗಿಯಾಗಿರುವ ಯಮಹಾದಂಥ ಗಾಡಿಗಳಲ್ಲಿ ಒಂದೇ ಕಡೆಗೆ ತಿರುಗುವ ಬೇರಿಂಗ್ ಒಂದು ಇದಕ್ಕೆ ನೆರವಾಗುತ್ತದೆ. ಹಳೆಯ ಪೊಲಾರಿಸ್ ಮಾದರಿಗಳಲ್ಲಿ ಕೆಲವಕ್ಕೆ ಎಂಜಿನ್ ಬ್ರೇಕಿಂಗ್ ಇತ್ತು, ಕೆಲವಕ್ಕೆ ಇರಲಿಲ್ಲ. ಇಲ್ಲದಿರುವ ಗಾಡಿ ಇಳಿಜಾರಿನಲ್ಲಿ ಥ್ರಾಟಲ್ ಬಿಟ್ಟ ಕೂಡಲೇ ನ್ಯೂಟ್ರಲ್‌ಗೆ ಬಂದಂತೆ ಜೋರಾಗಿ ಉರುಳುತ್ತದೆ. ಹಿಂದೆ ಹೊರೆ ಇದ್ದರೆ ಇದು ನಿಜಕ್ಕೂ ಅಪಾಯ.

ಆದ್ದರಿಂದ ಗುಡ್ಡದ ಜಾಗದಲ್ಲಿ ಕೆಲಸ ಇರುವವರು ಈ ಒಂದು ವಿಷಯವನ್ನು ಓಡಿಸಿ ನೋಡದೆ ಗಾಡಿ ಕೊಳ್ಳಬೇಡಿ. ಲೋ ರೇಂಜ್ ಹಾಕಿ, ಸಣ್ಣ ಇಳಿಜಾರಿನಲ್ಲಿ ಥ್ರಾಟಲ್ ಪೂರ್ತಿ ಬಿಟ್ಟು, ಕೈ ಬ್ರೇಕಿನ ಹತ್ತಿರವೇ ಇಟ್ಟುಕೊಂಡು ನೋಡಿ. ಗಾಡಿ ತಡೆದುಕೊಂಡು ಇಳಿಯಬೇಕು.

ನನಗೆ ಎಷ್ಟು ಸಿಸಿ ಸಾಕು?

ಹೆಸರಿನಲ್ಲಿರುವ ಸಂಖ್ಯೆಯನ್ನು ಮೊದಲು ಪಕ್ಕಕ್ಕಿಡಿ. ಕೋಡಿಯಾಕ್ 450ರ ಎಂಜಿನ್ 421 ಸಿಸಿ. ಗ್ರಿಜ್ಲಿ 700ರದ್ದು 686. ಕಿಂಗ್‌ಕ್ವಾಡ್ 750ರದ್ದು 722. 2023ರಲ್ಲಿ ಬಂದ ಹೊಸ ಔಟ್‌ಲ್ಯಾಂಡರ್ 500 ಮತ್ತು 700 ಎರಡಕ್ಕೂ ಇರುವುದು 650 ಸಿಸಿಯ ಒಂದೇ ಎಂಜಿನ್. ಒಂದರಲ್ಲಿ 40 ಎಚ್‌ಪಿ, ಇನ್ನೊಂದರಲ್ಲಿ 50 ಎಚ್‌ಪಿ.

ಕೆಲಸದ ಲೆಕ್ಕಕ್ಕೆ ಬಂದರೆ 400ರಿಂದ 570 ಸಿಸಿಯ ಒಂದು ಸಿಲಿಂಡರಿನ ಗಾಡಿ ಬಹುಪಾಲು ಜನರಿಗೆ ಸಾಕು. ಬೇಲಿ ಸಾಮಾನು ಸಾಗಿಸುವುದು, ಔಷಧಿ ಸಿಂಪಡಿಸುವುದು, ಸೌದೆ ಎಳೆಯುವುದು, ಇವೆಲ್ಲ ನಿಧಾನದ ಕೆಲಸಗಳು. ಇಲ್ಲಿ ಬೇಕಾದದ್ದು ಕಡಿಮೆ ವೇಗದಲ್ಲಿ ಸಿಗುವ ಎಳೆತ. ಸ್ಪೋರ್ಟ್ಸ್‌ಮನ್ 570ರ 44 ಎಚ್‌ಪಿ ಈ ಕೆಲಸಗಳಿಗೆ ಧಾರಾಳ.

700ರ ಆಸುಪಾಸಿನ ಗಾಡಿಗಳು ದಪ್ಪ ಕೆಸರು, ಹಿಮ ತಳ್ಳುವ ಬ್ಲೇಡು, ಉದ್ದದ ಏರು ಇರುವವರಿಗೆ. ಎರಡು ಸಿಲಿಂಡರಿನ 850, 1000 ಸಿಸಿ ಗಾಡಿಗಳ ಮಾತು ಬೇರೆ. ಔಟ್‌ಲ್ಯಾಂಡರ್‌ನ ದೊಡ್ಡ ಎಂಜಿನ್ ನೂರು ಎಚ್‌ಪಿ ದಾಟುತ್ತದೆ. ಓಡಿಸಲು ಖುಷಿ, ಸಂದೇಹವೇ ಇಲ್ಲ. ಆದರೆ ತೂಕ ಏರುತ್ತದೆ, ಪೆಟ್ರೋಲು ಜಾಸ್ತಿ ಕುಡಿಯುತ್ತದೆ, ಕಾಲಿಗೆ ಬಿಸಿ ಹೊಡೆಯುತ್ತದೆ, ಬಿಚ್ಚಬೇಕಾದ ಪ್ಲಾಸ್ಟಿಕ್ ಭಾಗಗಳೂ ಹೆಚ್ಚು. ಹೊರೆ ಹೊರಲಷ್ಟೇ ಬೇಕಿದ್ದರೆ ಅಷ್ಟು ದೊಡ್ಡದನ್ನು ಕೊಳ್ಳುವುದು ಬೇಡ ಎಂದೇ ಹೇಳುತ್ತೇನೆ.

ಬ್ರೋಷರ್‌ನಲ್ಲಿ ಕೊಟ್ಟ ತೂಕ ನಂಬಬಹುದಾ?

ನಂಬಬಹುದು, ಆದರೆ ಯಾವ ತೂಕ ಎಂದು ಓದಿ. ಹೋಂಡಾ, ಯಮಹಾ ಸಾಮಾನ್ಯವಾಗಿ ಪೆಟ್ರೋಲು, ಎಣ್ಣೆ, ಕೂಲೆಂಟ್ ತುಂಬಿದ ಗಾಡಿಯ ತೂಕ ಕೊಡುತ್ತವೆ. ಪೊಲಾರಿಸ್ ಕೊಡುವುದು ಇವೇನೂ ಇಲ್ಲದ ಒಣ ತೂಕ. ಎರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸಿದರೆ ಲೆಕ್ಕ ತಪ್ಪುತ್ತದೆ. ಟ್ಯಾಂಕಿನ ಪೆಟ್ರೋಲು ಒಂದೇ ಹನ್ನೆರಡು ಹದಿಮೂರು ಕೆ.ಜಿ. ಆಗಬಹುದು.

ತೂಕಕ್ಕೆ ಯಾಕಿಷ್ಟು ಗಮನ ಕೊಡಬೇಕು? ಗಾಡಿ ಹೂತುಕೊಂಡ ದಿನ ಅದನ್ನು ಎತ್ತಿ ಈಚೆ ತರುವುದು ನೀವೇ ಅಲ್ವಾ. 300 ಕೆ.ಜಿ.ಯ ಗಾಡಿಯ ಒಂದು ತುದಿಯನ್ನು ಇಬ್ಬರು ಸೇರಿ ಪಕ್ಕಕ್ಕೆ ಸರಿಸಬಹುದು. 400 ಕೆ.ಜಿ. ಆದರೆ ವಿಂಚ್, ಅಂದರೆ ಹಗ್ಗ ಸುತ್ತಿ ಎಳೆಯುವ ಯಂತ್ರ, ಬೇಕೇ ಬೇಕು.

4x4 ಎಂದು ಬರೆದಿದ್ದರೆ ನಾಲ್ಕೂ ಚಕ್ರ ಎಳೆಯುತ್ತವೆ ಅಲ್ವಾ?

ಬರೆದಷ್ಟು ಸರಳವಾಗಿಲ್ಲ. ಹಿಂದಿನ ಎರಡು ಚಕ್ರಗಳು ಬಹುತೇಕ ಕೆಲಸದ ಎಟಿವಿಗಳಲ್ಲಿ ಒಟ್ಟಿಗೇ ತಿರುಗುತ್ತವೆ. ವ್ಯತ್ಯಾಸ ಇರುವುದು ಮುಂದಿನ ಚಕ್ರಗಳಲ್ಲಿ.

ಗ್ರಿಜ್ಲಿಯಲ್ಲಿ ಬಟನ್ ಮೂರು ಹಂತದ್ದು. ಎರಡು ಚಕ್ರ, ನಾಲ್ಕು ಚಕ್ರ, ಮುಂದಿನ ಡಿಫರೆನ್ಷಿಯಲ್ ಪೂರ್ತಿ ಲಾಕ್. ಡಿಫರೆನ್ಷಿಯಲ್ ಎಂದರೆ ಎಡ ಬಲದ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್ ಪೆಟ್ಟಿಗೆ. ಮೂರನೆಯ ಹಂತದಲ್ಲಿ ಒಂದು ಮುಂಚಕ್ರ ಗಾಳಿಯಲ್ಲಿ ಇದ್ದರೂ ಇನ್ನೊಂದು ಎಳೆಯುತ್ತದೆ. ಯಾವಾಗ ಏನು ಆಗುತ್ತಿದೆ ಎಂದು ಓಡಿಸುವವರಿಗೆ ಗೊತ್ತಿರುತ್ತದೆ. ಇದು ನನಗೆ ಹಿಡಿಸುವ ಗುಣ.

ಪೊಲಾರಿಸ್‌ನಲ್ಲಿ ಸ್ವಿಚ್ ಹಾಕಿಟ್ಟರೆ ಹಿಂದಿನ ಚಕ್ರ ಜಾರಿದಾಗ ಮುಂದಿನವು ತಾವಾಗಿ ಸೇರಿಕೊಳ್ಳುತ್ತವೆ. ಹಿಡಿತ ಸಿಕ್ಕ ಕೂಡಲೇ ಬಿಡುತ್ತವೆ. ಹ್ಯಾಂಡಲ್ ಹಗುರವಾಗಿರುತ್ತದೆ, ಸ್ವಿಚ್ಚಿನ ಕಡೆ ಗಮನ ಬೇಡ. ಆದರೆ ಈ ಮುಂದಿನ ಗೇರ್‌ಕೇಸಿಗೆ ಅದಕ್ಕೆಂದೇ ಮಾಡಿದ ಎಣ್ಣೆ ಹಾಕಬೇಕು. ಕೈಗೆ ಸಿಕ್ಕ ಗೇರ್ ಆಯಿಲ್ ಸುರಿದರೆ ಮುಂಚಕ್ರ ಸೇರಿಕೊಳ್ಳದೆ ಹೋಗಬಹುದು. ಕ್ಯಾನ್-ಆ್ಯಮ್‌ನ ವಿಸ್ಕೋ-ಲಾಕ್ ಕೂಡ ಜಾರುವಿಕೆ ಕಂಡಾಗ ತಾನಾಗಿ ಬಿಗಿಯಾಗುವ ಜಾತಿ.

ಇನ್ನೊಂದು ವಿಷಯ ಹುಲ್ಲಿನ ಮೇಲೆ ಕೆಲಸ ಮಾಡುವವರಿಗೆ. ಹಿಂದಿನ ಎರಡೂ ಚಕ್ರ ಒಟ್ಟಿಗೆ ತಿರುಗುವುದರಿಂದ ತಿರುವಿನಲ್ಲಿ ಒಂದು ಚಕ್ರ ನೆಲವನ್ನು ಉಜ್ಜುತ್ತದೆ, ಹುಲ್ಲು ಕಿತ್ತು ಬರುತ್ತದೆ. ಪೊಲಾರಿಸ್‌ನ ಕೆಲವು ಮಾದರಿಗಳಲ್ಲಿ ಹಿಂದಿನ ಡಿಫರೆನ್ಷಿಯಲ್ ಬಿಡಿಸುವ ಸ್ವಿಚ್ ಇತ್ತು. ತೋಟದ ಹುಲ್ಲುಹಾಸು ಕಾಪಾಡಬೇಕಾದವರು ಅಂಥದ್ದನ್ನು ಹುಡುಕಬೇಕು.

ಆರಾಮದ ವಿಷಯದಲ್ಲಿ ಯಾವುದು ದೊಡ್ಡ ವ್ಯತ್ಯಾಸ ಮಾಡುತ್ತದೆ?

ಹಿಂದಿನ ಆಕ್ಸಲ್. ಎರಡು ಬಗೆ ಇವೆ. ಒಂದರಲ್ಲಿ ಎರಡೂ ಚಕ್ರಗಳು ಒಂದೇ ಗಟ್ಟಿ ಆಕ್ಸಲ್ಲಿಗೆ ಸೇರಿರುತ್ತವೆ. ಬೇಸ್ ಮಾದರಿಯ ರ್ಯಾಂಚರ್ ಇದಕ್ಕೆ ಉದಾಹರಣೆ. ಇನ್ನೊಂದರಲ್ಲಿ ಪ್ರತಿ ಚಕ್ರವೂ ತನ್ನಷ್ಟಕ್ಕೆ ಮೇಲೆ ಕೆಳಗೆ ಆಡುತ್ತದೆ, ಇದೇ ಬಿಡಿ ಸಸ್ಪೆನ್ಷನ್. ಪೊಲಾರಿಸ್ 1996ರ ಸ್ಪೋರ್ಟ್ಸ್‌ಮನ್ 500ರಲ್ಲಿ ಇದನ್ನು ತಂದಿತು. ಈಗ ಸ್ವಲ್ಪ ದೊಡ್ಡ ಗಾಡಿಗಳಲ್ಲಿ ಹೆಚ್ಚಾಗಿ ಇದೇ ಇದೆ.

ಸಂಖ್ಯೆ ನೋಡಿದರೆ ಸ್ಪಷ್ಟವಾಗುತ್ತದೆ. ಗಟ್ಟಿ ಆಕ್ಸಲ್ಲಿನ ರ್ಯಾಂಚರ್‌ನಲ್ಲಿ ಹಿಂಚಕ್ರ ಸುಮಾರು 160 ಮಿ.ಮೀ. ಆಡುತ್ತದೆ. ಗ್ರಿಜ್ಲಿಯಲ್ಲಿ 230, ಸ್ಪೋರ್ಟ್ಸ್‌ಮನ್ 570ರಲ್ಲಿ ಸುಮಾರು 240. ಒಂದು ಬದಿಯ ಚಕ್ರ ಕಲ್ಲು ಹತ್ತಿದಾಗ ಗಟ್ಟಿ ಆಕ್ಸಲ್ಲಿನ ಗಾಡಿ ಪೂರ್ತಿ ವಾಲುತ್ತದೆ, ಸೀಟು ನಿಮ್ಮನ್ನು ಪಕ್ಕಕ್ಕೆ ಎಸೆಯುತ್ತದೆ. ಬಿಡಿ ಸಸ್ಪೆನ್ಷನ್ನಿನಲ್ಲಿ ಚಕ್ರ ಮಾತ್ರ ಮೇಲೇರುತ್ತದೆ. ಇಡೀ ದಿನ ಓಡಿಸುವವರ ಸೊಂಟಕ್ಕೆ ಇದರ ಬೆಲೆ ಗೊತ್ತು.

ಹಾಗಂತ ಗಟ್ಟಿ ಆಕ್ಸಲ್ ಕೆಟ್ಟದ್ದಲ್ಲ. ಅದರಲ್ಲಿ ಕೀಲುಗಳು ಕಡಿಮೆ. ಹಿಂದೆ ಆಕ್ಸಲ್ಲಿನ ಕೀಲು ಮುಚ್ಚುವ, ಹರಿದುಹೋಗುವ ರಬ್ಬರ್ ಬೂಟುಗಳಿಲ್ಲ, ಕೀಲಿನೊಳಗೆ ಬಳೆಯಂತೆ ಕೂತು ಸವೆಯುವ ಬುಷ್‌ಗಳು ನಾಲ್ಕಾರು ಕಡಿಮೆ. ಎಷ್ಟೇ ಹೊರೆ ಹೇರಿದರೂ ಆಕ್ಸಲ್ ಮತ್ತು ನೆಲದ ನಡುವಿನ ಅಂತರ ಬದಲಾಗುವುದಿಲ್ಲ. ಬಿಡಿ ಸಸ್ಪೆನ್ಷನ್ನಿನ ಗಾಡಿಯಲ್ಲಿ ಹೊರೆ ಹೇರಿದಂತೆ ಹೊಟ್ಟೆ ಕೆಳಗಿಳಿಯುತ್ತದೆ. ಓರೆ ನೆಲದಲ್ಲಿ ಕೆಳಬದಿಗೆ ಹೆಚ್ಚು ವಾಲುತ್ತದೆ ಕೂಡ. ಇದನ್ನು ತಡೆಯಲು ಸ್ವೇ ಬಾರ್ ಎನ್ನುವ ಸರಳು ಇರುತ್ತದೆ. ಅದು ಇದೆಯೇ ಎಂದು ಕೇಳಿ.

ಸಮ ನೆಲ, ಭಾರದ ಎಳೆತ, ಕಡಿಮೆ ನಿರ್ವಹಣೆ ಬೇಕಾದರೆ ಗಟ್ಟಿ ಆಕ್ಸಲ್. ಕಲ್ಲು, ಬೇರು, ಉದ್ದದ ದಾರಿ ಆದರೆ ಬಿಡಿ ಸಸ್ಪೆನ್ಷನ್.

ಪವರ್ ಸ್ಟೀರಿಂಗ್ ಬೇಕೇ ಬೇಕಾ?

ಇದ್ದರೆ ತುಂಬ ಒಳ್ಳೆಯದು. ಯಮಹಾ 2007ರ ಗ್ರಿಜ್ಲಿ 700ರಲ್ಲಿ ಎಲೆಕ್ಟ್ರಿಕ್ ಪವರ್ ಸ್ಟೀರಿಂಗ್ ಕೊಟ್ಟಿತು, ಆಮೇಲೆ ಉಳಿದವರೂ ಅದೇ ದಾರಿ ಹಿಡಿದರು. ಹ್ಯಾಂಡಲ್ ಹಗುರವಾಗುವುದು ಅದರ ಒಂದು ಗುಣ ಅಷ್ಟೇ. ಚಕ್ರ ಕಲ್ಲಿಗೆ ಬಡಿದಾಗ ಹ್ಯಾಂಡಲ್ ಕೈಯಿಂದ ಕಿತ್ತುಕೊಂಡು ಹೋಗುವುದನ್ನು ಅದು ತಡೆಯುತ್ತದೆ. ಮಣಿಕಟ್ಟು, ಭುಜ ನೋಯುವವರಿಗೆ, ಡಿಫರೆನ್ಷಿಯಲ್ ಲಾಕ್ ಹಾಕಿ ಓಡಿಸುವವರಿಗೆ, ಮುಂದಿನ ರ್ಯಾಕಿನಲ್ಲಿ ಸದಾ ಭಾರ ಇಡುವವರಿಗೆ ನಾನು ಇದನ್ನು ಬಿಡಬೇಡಿ ಎನ್ನುತ್ತೇನೆ. ಸಣ್ಣ ಗಾಡಿಯಲ್ಲಿ, ಸಮ ನೆಲದಲ್ಲಿ ಇಲ್ಲದಿದ್ದರೂ ನಡೆಯುತ್ತದೆ.

ನಿರ್ವಹಣೆ ಎಂದು ವಿಶೇಷವಾಗಿ ಏನೂ ಇಲ್ಲ. ಬ್ಯಾಟರಿ ಮಾತ್ರ ಗಟ್ಟಿಯಾಗಿರಬೇಕು. ಬ್ಯಾಟರಿ ಸೋತಾಗ ಪವರ್ ಸ್ಟೀರಿಂಗಿನ ಎಚ್ಚರಿಕೆ ದೀಪ ಹೊತ್ತಿಕೊಳ್ಳುವುದು ಸಾಮಾನ್ಯ. ಮೊದಲು ಬ್ಯಾಟರಿ ನೋಡಿ, ಆಮೇಲೆ ಮೆಕ್ಯಾನಿಕ್ ಹತ್ತಿರ ಹೋಗಿ.

ಓಡಿಸಿ ನೋಡುವಾಗ ಇನ್ನೇನು ಗಮನಿಸಲಿ?

ಎದ್ದು ನಿಂತು ಓಡಿಸಿ. ಹ್ಯಾಂಡಲ್ ಎಟುಕಬೇಕು, ಬೆನ್ನು ಬಗ್ಗಬಾರದು. ಕೂತಾಗ ಮೊಣಕಾಲು ತೀರಾ ಮಡಚಬಾರದು. ಥ್ರಾಟಲ್ ಲಿವರ್ ಗಟ್ಟಿಯಾಗಿದ್ದರೆ ಅರ್ಧ ದಿನದಲ್ಲಿ ಹೆಬ್ಬೆರಳು ಸೋಲುತ್ತದೆ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಬಲಗಾಲು, ಎಡಗಾಲು ಎರಡಕ್ಕೂ ಶಾಖ ಎಷ್ಟು ಬರುತ್ತದೆ ನೋಡಿ. ಐದು ನಿಮಿಷದ ಸುತ್ತಿನಲ್ಲಿ ಇದು ಗೊತ್ತಾಗುವುದಿಲ್ಲ, ಕನಿಷ್ಠ ಅರ್ಧ ಗಂಟೆ ಬೇಕು.

ನೀವು ಹಾಕುವ ದಪ್ಪ ಬೂಟು ಹಾಕಿಕೊಂಡೇ ಹೋಗಿ. ಕಾಲಿನಿಂದ ಗೇರ್ ಹಾಕುವ ಗಾಡಿಯಲ್ಲಿ ಬೂಟಿನ ಮೂತಿ ಲಿವರಿನ ಕೆಳಗೆ ಸೇರದೆ ಹೋಗಬಹುದು.

ಹೊರೆ ಎಷ್ಟು ಹೇರಬಹುದು, ಎಷ್ಟು ಎಳೆಯಬಹುದು?

ಪ್ರತಿ ಗಾಡಿಯ ಮೇಲೂ ಇದರ ಲೇಬಲ್ ಅಂಟಿಸಿರುತ್ತಾರೆ. ಗ್ರಿಜ್ಲಿ 700ರಲ್ಲಿ ಮುಂದಿನ ರ್ಯಾಕಿಗೆ 50 ಕೆ.ಜಿ., ಹಿಂದಿನದಕ್ಕೆ 90 ಕೆ.ಜಿ., ಎಳೆಯಲು 600 ಕೆ.ಜಿ. ಹೊಸ ಔಟ್‌ಲ್ಯಾಂಡರ್ 500 ಮತ್ತು 700ರಲ್ಲಿ ಎಳೆತದ ಮಿತಿ 830 ಕೆ.ಜಿ.

ಈ ಸಂಖ್ಯೆಗಳು ಸಮ ನೆಲಕ್ಕೆ ಎಂದು ತಿಳಿಯಿರಿ. ಟ್ರೇಲರಿಗೆ ಸಾಮಾನ್ಯವಾಗಿ ಬ್ರೇಕ್ ಇರುವುದಿಲ್ಲ, ಗಾಡಿಯ ಬ್ರೇಕೇ ಎರಡನ್ನೂ ನಿಲ್ಲಿಸಬೇಕು. ಇಳಿಜಾರಿನಲ್ಲಿ ತನಗಿಂತ ಎರಡು ಪಟ್ಟು ಭಾರದ ಟ್ರೇಲರ್ ಗಾಡಿಯನ್ನು ಮುಂದಕ್ಕೆ ತಳ್ಳುತ್ತದೆ. ಆದ್ದರಿಂದ ಏರಿಳಿತ ಇರುವ ಕಡೆ ಬರೆದ ಮಿತಿಗಿಂತ ಬಹಳ ಕಡಿಮೆಗೆ ನಿಲ್ಲಿಸಿ. ಟ್ರೇಲರಿನ ಮೂತಿಯ ಮೇಲೆ ಒಟ್ಟು ಭಾರದ ಹತ್ತನೇ ಒಂದು ಭಾಗ ಬೀಳುವಂತೆ ಸಾಮಾನು ಜೋಡಿಸಿ. ಭಾರ ಹಿಂದಕ್ಕೆ ಹೋದರೆ ಗಾಡಿಯ ಹಿಂಚಕ್ರಗಳೇ ಹಗುರವಾಗುತ್ತವೆ.

ರ್ಯಾಕಿನಲ್ಲಿ ಔಷಧಿ ಟ್ಯಾಂಕ್ ಕಟ್ಟುವವರಿಗೆ ಒಂದು ಮಾತು. ಅರ್ಧ ತುಂಬಿದ ಟ್ಯಾಂಕಿನಲ್ಲಿ ನೀರು ತುಳುಕಿ ಆ ಕಡೆ ಈ ಕಡೆ ಎಳೆಯುತ್ತದೆ. ಓರೆ ನೆಲದಲ್ಲಿ ಇದರಿಂದಲೇ ಗಾಡಿ ಮಗುಚಬಹುದು. ಒಳಗೆ ಅಡ್ಡಗೋಡೆ ಇರುವ ಟ್ಯಾಂಕ್ ಕೊಳ್ಳಿ.

ಬೆಲ್ಟ್ ಬೇಗ ಹಾಳಾಗದಂತೆ ಏನು ಮಾಡಬೇಕು?

ಲೋ ರೇಂಜ್ ಬಳಸಿ. ಇಷ್ಟೇ ಮಾಡಿದರೂ ಅರ್ಧ ಸಮಸ್ಯೆ ಇಲ್ಲ. ನಿಧಾನವಾಗಿ ಹೋಗುವಾಗ, ಹೊರೆ ಎಳೆಯುವಾಗ, ಏರು ಹತ್ತುವಾಗ, ಕೆಸರಿನಲ್ಲಿ ಸಿಕ್ಕಾಗ, ಟ್ರೇಲರಿಗೆ ಹತ್ತಿಸುವಾಗ ಲೋ ಹಾಕಿ. ಹೈ ರೇಂಜಿನಲ್ಲಿ ಇಂಥ ಕೆಲಸ ಮಾಡಿದರೆ ಪುಲ್ಲಿ ಬೆಲ್ಟನ್ನು ಸರಿಯಾಗಿ ಹಿಡಿಯುವುದಿಲ್ಲ, ಬೆಲ್ಟ್ ಒಂದೇ ಜಾಗದಲ್ಲಿ ಸುಡುತ್ತದೆ. ಸುಟ್ಟ ಆ ಗುಳಿಯಿಂದ ಮುಂದೆ ಗಾಡಿ ಹೊರಡುವಾಗಲೆಲ್ಲ ಟಕ್ ಟಕ್ ಎಂದು ಅದುರುತ್ತದೆ.

ಥ್ರಾಟಲನ್ನು ಸ್ವಲ್ಪ ದೃಢವಾಗಿ ಕೊಡಿ. ತೀರಾ ಅಳುಕಿ ಅಳುಕಿ ಒತ್ತುವುದೂ ಜಾರುವಿಕೆಗೆ ದಾರಿ. ಸಿಕ್ಕಿಕೊಂಡ ಗಾಡಿಯನ್ನು ಪೂರ್ತಿ ಥ್ರಾಟಲ್ ಕೊಟ್ಟು ಎಬ್ಬಿಸಲು ಹೋಗಬೇಡಿ, ವಿಂಚ್ ಬಳಸಿ. ಹೊಸ ಬೆಲ್ಟ್ ಹಾಕಿದ ಮೇಲೆ ಮೊದಲ ಕೆಲವು ಗಂಟೆ ಮೃದುವಾಗಿ ಓಡಿಸಿ.

ನೀರು ಹೊಕ್ಕರೆ ಗಾಡಿ ರೊಯ್ಯೆಂದು ಕೂಗುತ್ತದೆ, ಮುಂದೆ ಹೋಗುವುದಿಲ್ಲ. ಆಗ ನಿಲ್ಲಿಸಿ, ಬೆಲ್ಟ್ ಕವರಿನ ಕೆಳಗಿನ ಡ್ರೈನ್ ಪ್ಲಗ್ ತೆಗೆದು ನೀರು ಬಿಡಿ. ನ್ಯೂಟ್ರಲ್‌ನಲ್ಲಿಟ್ಟು ಎಂಜಿನ್ ವೇಗ ಏರಿಸಿ ಇಳಿಸಿ ಮಾಡಿದರೆ ಉಳಿದ ನೀರು ಎರಚಿ ಹೋಗುತ್ತದೆ. ಬಿಡಿ ಬೆಲ್ಟು ಮತ್ತು ಅದನ್ನು ಬದಲಿಸುವ ಉಪಕರಣ ಗಾಡಿಯಲ್ಲೇ ಇರಲಿ.

ನಿರ್ವಹಣೆ ಸುಲಭವೋ ಕಷ್ಟವೋ ಎಂದು ಅಂಗಡಿಯಲ್ಲೇ ತಿಳಿಯುವುದು ಹೇಗೆ?

ಮಾರುವವರ ಮಾತು ಬೇಡ, ನೀವೇ ಬಗ್ಗಿ ನೋಡಿ.

ಏರ್ ಫಿಲ್ಟರ್ ಸೀಟಿನ ಕೆಳಗೇ ಇದ್ದು, ಉಪಕರಣ ಇಲ್ಲದೆ ಕ್ಲಿಪ್ ಬಿಚ್ಚಿ ತೆಗೆಯುವಂತಿದ್ದರೆ ಒಳ್ಳೆಯ ಲಕ್ಷಣ. ಧೂಳಿನ ಕೆಲಸದಲ್ಲಿ ಇದನ್ನು ವಾರಕ್ಕೊಮ್ಮೆ ತೆಗೆಯಬೇಕಾಗುತ್ತದೆ. ಎಂಟು ಸ್ಕ್ರೂ ಬಿಚ್ಚಬೇಕಾದರೆ ಯಾರೂ ತೆಗೆಯುವುದಿಲ್ಲ, ಎಂಜಿನ್ ಧೂಳು ತಿನ್ನುತ್ತದೆ.

ಆಯಿಲ್ ಡ್ರೈನ್ ಬೋಲ್ಟಿಗೆ ಕೆಳಗಿನ ತಗಡಿನಲ್ಲಿ ರಂಧ್ರ ಇದೆಯೇ? ಇಲ್ಲದಿದ್ದರೆ ಪ್ರತಿ ಸಲ ತಗಡು ಬಿಚ್ಚಬೇಕು. ಆಯಿಲ್ ಫಿಲ್ಟರ್ ಬಿಚ್ಚಿದಾಗ ಎಣ್ಣೆ ಎಲ್ಲಿ ಸುರಿಯುತ್ತದೆ? ಬೆಲ್ಟ್ ಕವರ್ ತೆಗೆಯಲು ಫುಟ್‌ರೆಸ್ಟ್, ಪ್ಲಾಸ್ಟಿಕ್ ಎಲ್ಲ ಬಿಚ್ಚಬೇಕಾ? ಸಸ್ಪೆನ್ಷನ್ ತೋಳುಗಳಲ್ಲಿ ಗ್ರೀಸ್ ನಿಪ್ಪಲ್ ಇವೆಯೇ? ನಿಪ್ಪಲ್ ಇದ್ದರೆ ಬುಷ್ ಬಹಳ ಕಾಲ ಬರುತ್ತದೆ, ಗ್ರೀಸ್ ಹೊಡೆಯುವ ಶಿಸ್ತು ಮಾತ್ರ ನಿಮಗಿರಬೇಕು. ರೇಡಿಯೇಟರಿಗೆ ಹಿಂದಿನಿಂದ ನೀರಿನ ಪೈಪ್ ಹಿಡಿಯಲು ಆಗುತ್ತದಾ? ವಾಲ್ವ್ ಕವರ್ ತೆಗೆಯಲು ಟ್ಯಾಂಕ್ ಇಳಿಸಬೇಕಾ? ರ್ಯಾಂಚರ್, ಗ್ರಿಜ್ಲಿಗಳಲ್ಲಿ ವಾಲ್ವ್ ಅಂತರವನ್ನು ಸ್ಕ್ರೂ ತಿರುಗಿಸಿ ಸರಿಮಾಡಬಹುದು. ತೆಳು ಬಿಲ್ಲೆ ಹಾಕಿ ಸರಿಮಾಡುವ ಎಂಜಿನ್ನುಗಳಲ್ಲಿ ಅದೇ ಕೆಲಸಕ್ಕೆ ಹೆಚ್ಚು ಬಿಚ್ಚಬೇಕು.

ಒಂದು ಬ್ರ್ಯಾಂಡ್ ಸುಲಭ, ಇನ್ನೊಂದು ಕಷ್ಟ ಎಂದು ಗೆರೆ ಎಳೆಯಲು ನಾನು ಹೋಗುವುದಿಲ್ಲ. ಒಂದೇ ಕಂಪನಿಯ ಎರಡು ಮಾದರಿಗಳ ನಡುವೆಯೇ ಅಷ್ಟು ವ್ಯತ್ಯಾಸ ಇರುತ್ತದೆ.

ಏನನ್ನು ಯಾವಾಗ ಬದಲಿಸಬೇಕು?

ಕಂಪನಿಯ ಪುಸ್ತಕವೇ ಅಂತಿಮ. ಒಟ್ಟು ಅಂದಾಜು ಹೀಗಿದೆ. ಹೊಸ ಗಾಡಿಯ ಮೊದಲ ಆಯಿಲ್ 20ರಿಂದ 25 ಗಂಟೆಗೆ. ಇದನ್ನು ತಪ್ಪಿಸಬೇಡಿ, ಹೊಸ ಎಂಜಿನ್ನಿನ ಲೋಹದ ಪುಡಿ ಅದರಲ್ಲೇ ಇರುತ್ತದೆ. ಆಮೇಲೆ ಸಾಮಾನ್ಯವಾಗಿ ನೂರು ಗಂಟೆಯ ಆಸುಪಾಸು ಅಥವಾ ವರ್ಷಕ್ಕೊಮ್ಮೆ. ಕೆಸರು, ಧೂಳು, ಭಾರ ಇದ್ದರೆ ಅರ್ಧ ಅವಧಿಗೇ ಬದಲಿಸಿ. ಮುಂದಿನ, ಹಿಂದಿನ ಡಿಫರೆನ್ಷಿಯಲ್ ಎಣ್ಣೆಯನ್ನು ಜನ ಮರೆತೇ ಬಿಡುತ್ತಾರೆ. ಆಳದ ನೀರು ದಾಟಿದ ಮೇಲೆ ಅದನ್ನು ನೋಡಲೇಬೇಕು. ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಎಂದು ಅರ್ಥ, ಕೂಡಲೇ ಬದಲಿಸಿ.

ಎಂಜಿನ್ ಆಯಿಲ್ ಆರಿಸುವಾಗ ಒಂದು ಎಚ್ಚರ. ಎಣ್ಣೆಯಲ್ಲಿ ಮುಳುಗಿದ ಕ್ಲಚ್ ಇರುವ ಹೋಂಡಾ, ಯಮಹಾದಂಥ ಗಾಡಿಗಳಿಗೆ ಜಾಸೋ ಎಂಎ ಎಂದು ಬರೆದ ಆಯಿಲ್ ಬೇಕು. ಇಂಧನ ಉಳಿಸುವ ಕಾರಿನ ಆಯಿಲ್ ಹಾಕಿದರೆ ಕ್ಲಚ್ ಜಾರುತ್ತದೆ.

ಬ್ರೇಕಿನಲ್ಲಿ ಏನು ವ್ಯತ್ಯಾಸ?

ಕೆಸರಿನಲ್ಲಿ ಓಡುವ ಗಾಡಿಗೆ ಮುಚ್ಚಿದ ಬ್ರೇಕ್ ಒಳ್ಳೆಯದು. ಕೋಡಿಯಾಕ್ ಮತ್ತು ಕಿಂಗ್‌ಕ್ವಾಡ್‌ನ ಹಿಂದಿನ ಬ್ರೇಕ್ ಎಣ್ಣೆಯಲ್ಲಿ ಮುಳುಗಿದ ಪ್ಲೇಟುಗಳದ್ದು. ಮರಳು, ಕೆಸರು ಅದನ್ನು ಮುಟ್ಟುವುದಿಲ್ಲ. ಸ್ಪೋರ್ಟ್ಸ್‌ಮನ್‌ನ ಡಿಸ್ಕ್ ಬ್ರೇಕ್ ಜೋರಾಗಿ ಹಿಡಿಯುತ್ತದೆ, ಒಂದೇ ಲಿವರ್ ಒತ್ತಿದರೆ ಮುಂದೆ ಹಿಂದೆ ಎರಡೂ ಕಡೆ ಕೆಲಸ ಮಾಡುತ್ತದೆ. ಆದರೆ ಮರಳು ಮಿಶ್ರಿತ ಕೆಸರಿನಲ್ಲಿ ಪ್ಯಾಡ್ ಬೇಗ ಸವೆಯುತ್ತದೆ. ಪ್ಯಾಡ್ ಬದಲಿಸುವುದು ಮಾತ್ರ ಸುಲಭ.

ಗಾಡಿ ತೊಳೆಯಲು ಜೋರು ಒತ್ತಡದ ನೀರು ಬಳಸಬಹುದಾ?

ಹಬ್ಬಿನ ಬೇರಿಂಗ್, ಆಕ್ಸಲ್ ಬೂಟ್, ಸ್ವಿಚ್, ರೇಡಿಯೇಟರಿನ ತೆಳು ರೆಕ್ಕೆಗಳ ಮೇಲೆ ಬೇಡ. ಸೀಲ್ ದಾಟಿ ನೀರು ಒಳಗೆ ಹೋಗುತ್ತದೆ. ರೇಡಿಯೇಟರಿಗೆ ಸಾದಾ ಪೈಪಿನ ನೀರು, ಎಂಜಿನ್ ಕಡೆಯಿಂದ ಹೊರಕ್ಕೆ. ತೊಳೆದ ಮೇಲೆ ಗ್ರೀಸ್ ಹೊಡೆದರೆ ಕೀಲುಗಳೊಳಗೆ ಸೇರಿದ ನೀರು ಹೊರಬರುತ್ತದೆ.

ಹಾಗಾದರೆ ನೇರವಾಗಿ ಹೇಳಿ, ಯಾವುದನ್ನು ಕೊಳ್ಳಲಿ?

ಕಡಿಮೆ ಕೈಕೆಲಸ ಬೇಕು, ದಾರಿ ಬಹುತೇಕ ಸಮ, ಗಾಡಿ ಹತ್ತು ವರ್ಷ ಇರಬೇಕು ಎನ್ನುವವರಿಗೆ ಗಟ್ಟಿ ಆಕ್ಸಲ್ಲಿನ, ಗೇರಿನ ರ್ಯಾಂಚರ್. ಅದರ ಕುಲುಕಾಟ ಸಹಿಸಬೇಕು.

ಗುಡ್ಡ, ಇಳಿಜಾರು, ನಡುಗಾತ್ರದ ಹೊರೆ, ಓಡಿಸುವವರು ಹಲವರು ಎಂದರೆ ಕೋಡಿಯಾಕ್ 450. ಶಕ್ತಿ ಕಡಿಮೆ ಅನ್ನಿಸಬಹುದು, ಆದರೆ ಇಳಿಯುವಾಗಿನ ಹಿಡಿತ, ಮುಚ್ಚಿದ ಹಿಂಬ್ರೇಕ್, ಸಲೀಸು ಬೆಲ್ಟ್ ಮೂರೂ ಒಂದೇ ಕಡೆ ಸಿಗುತ್ತವೆ. ಒಂದೇ ಒಂದು ಹೆಸರು ಹೇಳಿ ಎಂದರೆ ನಾನು ಇದನ್ನೇ ಹೇಳುತ್ತೇನೆ.

ಇಡೀ ದಿನ ಕಲ್ಲುದಾರಿಯಲ್ಲಿ ಕೂತಿರಬೇಕು, ಸೊಂಟಕ್ಕೆ ಆರಾಮ ಬೇಕು ಎಂದರೆ ಸ್ಪೋರ್ಟ್ಸ್‌ಮನ್ 570. ಅದರ ಬುಷ್, ಬೆಲ್ಟ್, ಮುಂದಿನ ಗೇರ್‌ಕೇಸಿನ ಎಣ್ಣೆ ಈ ಮೂರರ ಮೇಲೆ ಕಣ್ಣಿಡಿ. ಭಾರದ ಎಳೆತವೇ ಮುಖ್ಯ ಆದರೆ ಹೊಸ ಔಟ್‌ಲ್ಯಾಂಡರ್ 700. ಕೆಸರು, ಏರು, ಭಾರ ಎಲ್ಲವೂ ಇದೆ ಎಂದರೆ ಗ್ರಿಜ್ಲಿ ಅಥವಾ ಕಿಂಗ್‌ಕ್ವಾಡ್ 750.

ಹಳೆಯ ಗಾಡಿ ಕೊಳ್ಳುವಾಗ ಏನು ನೋಡಲಿ?

ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ. ಮೊದಲೇ ಬಿಸಿ ಮಾಡಿಟ್ಟಿದ್ದರೆ ಸಂಶಯ ಪಡಿ. ಏರ್ ಫಿಲ್ಟರ್ ಪೆಟ್ಟಿಗೆ ತೆಗೆದು ಬೆರಳು ಆಡಿಸಿ. ಫಿಲ್ಟರಿನ ಒಳಬದಿಯಲ್ಲಿ ಧೂಳು ಇದ್ದರೆ ಎಂಜಿನ್ ಅದನ್ನು ತಿಂದಿದೆ. ಎಂಜಿನ್, ಡಿಫರೆನ್ಷಿಯಲ್ ಎರಡರ ಎಣ್ಣೆಯ ಬಣ್ಣ ನೋಡಿ. ಒಂದೊಂದು ಚಕ್ರವನ್ನೂ ಎತ್ತಿ, ಮೇಲೆ ಕೆಳಗೆ ಹಿಡಿದು ಅಲುಗಿಸಿ. ಟಕ್ ಎಂದರೆ ಬೇರಿಂಗೋ ಬಾಲ್ ಜಾಯಿಂಟೋ ಸವೆದಿದೆ. ಆಕ್ಸಲ್ ಬೂಟುಗಳು ಹರಿದಿವೆಯಾ ನೋಡಿ. ಹರಿದ ಬೂಟನ್ನು ಬೇಗ ಬದಲಿಸಿದರೆ ಸಣ್ಣ ಖರ್ಚು, ಬಿಟ್ಟರೆ ಇಡೀ ಆಕ್ಸಲ್ ಹೋಗುತ್ತದೆ. 4x4 ಹಾಕಿ, ಸಡಿಲ ನೆಲದಲ್ಲಿ ಮುಂಚಕ್ರ ನಿಜವಾಗಿಯೂ ತಿರುಗುತ್ತದಾ ಎಂದು ಪಕ್ಕದಲ್ಲಿ ಒಬ್ಬರನ್ನು ನಿಲ್ಲಿಸಿ ನೋಡಿಸಿ.

ಹಿಂದೆ ಇನ್ನೊಬ್ಬರನ್ನು ಕೂರಿಸಿಕೊಳ್ಳಬಹುದಾ?

ಒಬ್ಬರಿಗೆ ಮಾಡಿದ ಗಾಡಿಯಲ್ಲಿ ಬೇಡವೇ ಬೇಡ. ಸೀಟು ಉದ್ದ ಇರುವುದು ಓಡಿಸುವವರು ಹಿಂದೆ ಮುಂದೆ ಸರಿದು ತೂಕ ಬದಲಿಸಲೆಂದು. ಹಿಂದೆ ಒಬ್ಬರು ಕೂತರೆ ಏರಿನಲ್ಲಿ ಮುಂಚಕ್ರ ಏಳುತ್ತದೆ, ಗಾಡಿ ಹಿಂದಕ್ಕೆ ಮಗುಚುತ್ತದೆ. ಇಬ್ಬರು ಹೋಗಲೇಬೇಕಾದರೆ ಅದಕ್ಕೆಂದೇ ಉದ್ದ ಚಾಸಿಯ ಮಾದರಿಗಳಿವೆ. ಔಟ್‌ಲ್ಯಾಂಡರ್ ಮ್ಯಾಕ್ಸ್, ಸ್ಪೋರ್ಟ್ಸ್‌ಮನ್ ಟೂರಿಂಗ್ ಅಂಥವು. ಹೆಲ್ಮೆಟ್ ಇಬ್ಬರಿಗೂ ಬೇಕು, ಒಬ್ಬರೇ ಇದ್ದರೂ ಬೇಕು.

ಕೆಲಸದ ಎಟಿವಿಗಳಲ್ಲಿ ಜೀವ ಹೋಗುವುದು ಹೆಚ್ಚಾಗಿ ಗಾಡಿ ಮಗುಚಿ ಮೈಮೇಲೆ ಬಿದ್ದಾಗ. ಇದಕ್ಕಾಗಿಯೇ ಆಸ್ಟ್ರೇಲಿಯಾದಲ್ಲಿ 2021ರ ಅಕ್ಟೋಬರ್‌ನಿಂದ ಮಾರುವ ಹೊಸ ಕೆಲಸದ ಎಟಿವಿಗಳಿಗೆ ಓಡಿಸುವವರನ್ನು ಕಾಯುವ ರಕ್ಷಣಾ ಚೌಕಟ್ಟು ಕಡ್ಡಾಯ ಮಾಡಿದರು. ಓರೆ ನೆಲದಲ್ಲಿ ದಿನಾ ಕೆಲಸ ಮಾಡುವವರು ಅಂಥ ಚೌಕಟ್ಟಿನ ಬಗ್ಗೆ ವಿಚಾರಿಸಲೇಬೇಕು.

ಟೈರಿನ ಗಾಳಿ ಎಷ್ಟಿರಬೇಕು?

ಕಾರಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಬಹುತೇಕ ಎಟಿವಿ ಟೈರುಗಳಿಗೆ 4ರಿಂದ 7 ಪಿಎಸ್‌ಐ ಸಾಕು. ಕಾರಿನ ಗೇಜ್ ಇಷ್ಟು ಕಡಿಮೆಯನ್ನು ಸರಿಯಾಗಿ ತೋರಿಸುವುದಿಲ್ಲ, ಕಡಿಮೆ ಒತ್ತಡದ ಗೇಜ್ ಬೇರೆ ಕೊಳ್ಳಿ. ಗಾಳಿ ಜಾಸ್ತಿಯಾದರೆ ಗಾಡಿ ಚೆಂಡಿನಂತೆ ಪುಟಿಯುತ್ತದೆ, ಎಡ ಬಲ ಬೇರೆ ಬೇರೆಯಾದರೆ ಒಂದು ಕಡೆಗೆ ಎಳೆಯುತ್ತದೆ. ಸಸ್ಪೆನ್ಷನ್ ಗಡುಸು, ಸ್ಟೀರಿಂಗ್ ಸರಿಯಿಲ್ಲ ಎಂದು ಎರಡು ಗಾಡಿಗಳನ್ನು ಹೋಲಿಸುವ ಮೊದಲು ಎರಡರ ಟೈರಿಗೂ ಲೇಬಲ್ಲಿನಲ್ಲಿ ಬರೆದಷ್ಟೇ ಗಾಳಿ ತುಂಬಿಸಿ. ಅಂಗಡಿಯಲ್ಲಿ ನಿಂತ ಗಾಡಿಗಳಲ್ಲಿ ಹೆಚ್ಚು ಗಾಳಿ ತುಂಬಿರುವುದು ಸಾಮಾನ್ಯ.